ನಿಮ್ಮ ಯಂತ್ರದಲ್ಲಿ ಕೂಡಿದ ಒತ್ತಕ್ಷರ ಎಲ್ಲರ ಯಂತ್ರದಲ್ಲೂ ಕೂಡಲಿ

ಕನ್ನಡಕ್ಕಾಗಿ ಮುಕ್ತ ತಂತ್ರಾಂಶ ಬರೆಯುತ್ತಿರುವ ಗೆಳೆಯ ಗೆಳತಿಯರಿಗೆ,



ನಿಮ್ಮಲ್ಲಿ ಹಲವರು ಹಗಲೆಲ್ಲ ಬೇರೆ ಕೆಲಸ ಮಾಡಿ, ರಾತ್ರಿ ಕನ್ನಡದ ಕೆಲಸಕ್ಕೆ ಕೂರುವವರು. ಕೆಲವರು ಇನ್ನೂ ಇಂಜಿನಿಯರಿಂಗ್ ಓದುತ್ತಿರುವವರು. ನಿಘಂಟು, ಕಾಗುಣಿತ ಪರೀಕ್ಷಕ, ಹಳೆಯ ಪುಸ್ತಕದ ಪುಟಗಳನ್ನು ಪಠ್ಯವಾಗಿಸುವ ಉಪಕರಣ, ಶಾಲೆಯ ಪ್ರಮಾಣಪತ್ರ ಮುದ್ರಿಸುವ ಪುಟ್ಟ ಪ್ರೋಗ್ರಾಂ, ಇಂಥವನ್ನೆಲ್ಲ ಬರೆದು ಯಾರಿಂದಲೂ ಕಾಸು ಕೇಳದೆ ಹಂಚುತ್ತಿದ್ದೀರಿ. ಅವನ್ನು ಬಳಸುವವಳಾಗಿ, ಬಿಲ್ಡ್ ಕೆಲಸವನ್ನೇ ಹೊಟ್ಟೆಪಾಡು ಮಾಡಿಕೊಂಡವಳಾಗಿ ಈ ಪತ್ರ ಬರೆಯುತ್ತಿದ್ದೇನೆ. ನಾನು ಕೇಳಿಕೊಳ್ಳುವುದು ಇಷ್ಟು: ನಿಮ್ಮ ಪ್ರೋಗ್ರಾಂ ತಾನು ನಡೆಯುವ ಯಂತ್ರದಿಂದ ಎರವಲು ಪಡೆಯುವ ಲೈಬ್ರರಿಗಳನ್ನೂ ಪ್ರೋಗ್ರಾಂನ ಭಾಗವೆಂದೇ ಎಣಿಸಿ. ವಿಂಡೋಸ್‌ಗೆ ಯಾವುದು ಬೇಕು, ಲಿನಕ್ಸ್‌ಗೆ ಯಾವುದು, ಮ್ಯಾಕ್‌ಗೆ ಯಾವುದು ಎಂದು ಬಿಲ್ಡ್ ಕಡತದಲ್ಲೇ ಬರೆದಿಡಿ. ಬಳಕೆದಾರರ ಅದೃಷ್ಟಕ್ಕೆ ಅದನ್ನು ಬಿಡಬೇಡಿ.

ಪ್ರಮಾಣಪತ್ರದ ಪ್ರೋಗ್ರಾಂ ಅನ್ನೇ ತೆಗೆದುಕೊಳ್ಳೋಣ. ಪೈಥಾನ್‌ನಲ್ಲಿ ಬರೆದದ್ದು ಎಂದಿಟ್ಟುಕೊಳ್ಳಿ. ಖಾಲಿ ಪ್ರಮಾಣಪತ್ರದ ಚಿತ್ರದ ಮೇಲೆ ಮಗುವಿನ ಹೆಸರು, ಶಾಲೆ, ಊರು ಬರೆಯಲು ಪಿಲ್ಲೋ ಎಂಬ ಲೈಬ್ರರಿ ಬಳಸಿದ್ದೀರಿ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಉಬುಂಟು ಇದೆ. ಅಲ್ಲಿ ‘ಕರ್ನಾಟಕ’ ಎಂದು ಬರೆಸಿದರೆ ಅರ್ಕಾವೊತ್ತು ತನ್ನ ಜಾಗದಲ್ಲಿ ಬಂದು ಕೂರುತ್ತದೆ, ‘ಪ್ರಶಸ್ತಿ’ಯ ಒತ್ತುಗಳು ಕೂಡಿಕೊಳ್ಳುತ್ತವೆ. ಅದೇ ಪ್ರೋಗ್ರಾಂ ಶಾಲೆಯ ವಿಂಡೋಸ್ ಕಂಪ್ಯೂಟರಿಗೆ ಹೋಯಿತು. ಯಾವ ದೋಷ ಸಂದೇಶವೂ ಇಲ್ಲ, ಪ್ರಮಾಣಪತ್ರ ಸಲೀಸಾಗಿ ಮುದ್ರಣವಾಗುತ್ತದೆ. ಆದರೆ ಅದರಲ್ಲಿ ರಕಾರ ಬೇರೆ, ಹಲಂತದ ಗುರುತು ಬೇರೆ, ನಕಾರ ಬೇರೆ. ‘ಪ್ರಶಸ್ತಿ’ಯ ತಕಾರ ತಲೆಕಟ್ಟು ಹೊತ್ತುಕೊಂಡೇ ನಿಂತಿದೆ, ಗುಡಿಸು ಅದರ ಪಕ್ಕದಲ್ಲಿ ಒಂಟಿಯಾಗಿ ಬಿದ್ದಿದೆ. ಪ್ರೋಗ್ರಾಂ ಅದೇ, ಫಾಂಟ್ ಅದೇ, ಪಿಲ್ಲೋದ ಆವೃತ್ತಿ ಸಂಖ್ಯೆಯೂ ಅದೇ.

ಕಾರಣ ತಿಳಿಯಬೇಕಾದರೆ ಅಕ್ಷರ ಪರದೆಗೆ ಬರುವ ಹಾದಿಯನ್ನು ನೋಡಬೇಕು. ಫಾಂಟ್ ಕಡತದಿಂದ ಒಂದೊಂದು ಆಕಾರವನ್ನು ತೆಗೆದು ಚುಕ್ಕಿಗಳಾಗಿ ಮೂಡಿಸುವುದು ಫ್ರೀಟೈಪ್‌ನ ಕೆಲಸ. ಯುನಿಕೋಡ್‌ನಲ್ಲಿ ರ, ಹಲಂತ, ನ ಎಂದು ಮೂರು ಸಂಕೇತಗಳು ಸಾಲಾಗಿ ಬಂದಾಗ ಇದು ಅರ್ಕಾವೊತ್ತು, ಇದರ ಜಾಗ ನಕಾರದ ನಂತರ ಎಂದು ತೀರ್ಮಾನಿಸುವುದು ಹಾರ್ಫ್‌ಬಜ್‌ನ ಕೆಲಸ. ಫೈರ್‌ಫಾಕ್ಸ್, ಕ್ರೋಮ್, ಲಿಬ್ರೆಆಫೀಸ್, ಆಂಡ್ರಾಯ್ಡ್‌ಗಳಲ್ಲಿ ನಾವು ಓದುವ ಕನ್ನಡವನ್ನೆಲ್ಲ ಕೂಡಿಸುವುದು ಇದೇ ಹಾರ್ಫ್‌ಬಜ್. ಪಿಲ್ಲೋ ಅದನ್ನು ನೇರವಾಗಿ ಕರೆಯುವುದಿಲ್ಲ. ನಡುವೆ ರಕ್ಮ್ ಎಂಬ ಇನ್ನೊಂದು ಲೈಬ್ರರಿ ಇದೆ. ರಕ್ಮ್‌ಗೆ ಹಾರ್ಫ್‌ಬಜ್ ಜೊತೆಗೆ ಫ್ರಿಬಿಡಿ ಎಂಬುದೂ ಬೇಕು. ಅರಬಿ, ಹೀಬ್ರೂಗಳಂತೆ ಬಲದಿಂದ ಎಡಕ್ಕೆ ಹೋಗುವ ಲಿಪಿಯೊಡನೆ ಎಡದಿಂದ ಬಲಕ್ಕೆ ಹೋಗುವ ಲಿಪಿ ಬೆರೆತಾಗ ಸಾಲಿನ ಕ್ರಮವನ್ನು ನಿರ್ಧರಿಸುವುದು ಫ್ರಿಬಿಡಿ.

2021ರ ಏಪ್ರಿಲ್‌ನಲ್ಲಿ ಬಂದ 8.2.0 ಆವೃತ್ತಿಯಿಂದ ಪಿಲ್ಲೋದ ಸಿದ್ಧ ಪ್ಯಾಕೇಜುಗಳಲ್ಲಿ, ಅಂದರೆ ಪೈಥಾನ್‌ನವರು ವೀಲ್ ಎನ್ನುವ ಕಡತಗಳಲ್ಲಿ, ರಕ್ಮ್ ಒಳಗೇ ಇರುತ್ತದೆ. ಫ್ರಿಬಿಡಿ ಮಾತ್ರ ಇರುವುದಿಲ್ಲ. ಪ್ರೋಗ್ರಾಂ ಶುರುವಾದ ಮೇಲೆ ಅದು ಯಂತ್ರದಲ್ಲಿ ಇದೆಯೇ ಎಂದು ಪಿಲ್ಲೋ ಹುಡುಕುತ್ತದೆ. ಸಿಕ್ಕಿದರೆ ರಕ್ಮ್ ಕೆಲಸ ಮಾಡುತ್ತದೆ. ಸಿಗದಿದ್ದರೆ ರಕ್ಮ್ ಇಲ್ಲವೆಂದೇ ಬಗೆದು, ಪಿಲ್ಲೋ ತನ್ನ ಸರಳ ಜೋಡಣೆಗೆ ಇಳಿಯುತ್ತದೆ. ಸರಳ ಜೋಡಣೆಯೆಂದರೆ ಒಂದು ಸಂಕೇತಕ್ಕೆ ಒಂದು ಆಕಾರ, ಒಂದರ ಪಕ್ಕ ಒಂದು. ಇಂಗ್ಲಿಷಿಗೆ ಅದು ಸಾಕು. ಕನ್ನಡ ಎಡದಿಂದ ಬಲಕ್ಕೇ ಹೋಗುವ ಲಿಪಿ, ಫ್ರಿಬಿಡಿ ಮಾಡಿಕೊಡುವ ಕೆಲಸದ ಅಗತ್ಯವೇ ನಮಗಿಲ್ಲ. ಆದರೂ ಫ್ರಿಬಿಡಿ ಇಲ್ಲದ ಕಡೆ ನಮ್ಮ ಒತ್ತಕ್ಷರ ಒಡೆಯುತ್ತದೆ. ಈ ಸರಪಳಿಯನ್ನು ಗೊತ್ತು ಮಾಡಿಕೊಳ್ಳದೆ ಕನ್ನಡದ ಪ್ರೋಗ್ರಾಂ ಬರೆದು ಹಂಚಬಾರದು ಎನ್ನುವಷ್ಟು ಮುಖ್ಯವಾದ ಸಂಗತಿ ಇದು.

ವಿಂಡೋಸ್‌ನ ಮೇಲೆ ತಪ್ಪು ಹೊರಿಸಿ ಮುಂದೆ ಹೋಗುವಂತಿಲ್ಲ. ಅದೇ ಪ್ರೋಗ್ರಾಂ ಅನ್ನು ಪೈಥಾನ್‌ನ ಸ್ಲಿಮ್ ಡಾಕರ್ ಇಮೇಜಿನಲ್ಲಿಟ್ಟು ಸರ್ವರಿಗೆ ಕಳಿಸಿ ನೋಡಿ, ಅಲ್ಲಿಯೂ ಅಕ್ಷರ ಒಡೆಯುತ್ತದೆ. ಆ ಇಮೇಜಿನ ಒಳಗಿರುವುದು ಡೆಬಿಯನ್, ಅದೂ ಲಿನಕ್ಸೇ. ಉಬುಂಟು ಡೆಸ್ಕ್‌ಟಾಪ್‌ನಲ್ಲಿ ಫ್ರಿಬಿಡಿ ಇದ್ದದ್ದು ನಿಮ್ಮ ಪ್ರೋಗ್ರಾಂಗಾಗಿ ಅಲ್ಲ. ಕಿಟಕಿ, ಮೆನುಗಳಲ್ಲಿ ಅಕ್ಷರ ಮೂಡಿಸುವ ಪ್ಯಾಂಗೋ ಲೈಬ್ರರಿಗೆ ಅದು ಬೇಕು, ಡೆಸ್ಕ್‌ಟಾಪ್ ಜೊತೆಗೆ ಬಂದಿದೆ. ಸ್ಲಿಮ್ ಇಮೇಜಿನಲ್ಲಿ ಡೆಸ್ಕ್‌ಟಾಪ್ ಇಲ್ಲ, ಪ್ಯಾಂಗೋ ಇಲ್ಲ, ಹಾಗಾಗಿ ಫ್ರಿಬಿಡಿಯೂ ಇಲ್ಲ. ನಿಮ್ಮ ರಿಕ್ವೈರ್‌ಮೆಂಟ್ಸ್ ಕಡತದಲ್ಲಿ ಪಿಲ್ಲೋ ಎಂಬ ಹೆಸರಿತ್ತು, ಅದರ ಆವೃತ್ತಿಯೂ ಇತ್ತು. ನಿಜವಾಗಿ ಬೇಕಿದ್ದುದರ ಹೆಸರು ಎಲ್ಲಿಯೂ ಇರಲಿಲ್ಲ.

ಮದುವೆಗೆ ಅಡುಗೆ ಒಪ್ಪಿಕೊಂಡ ಭಟ್ಟರು ಮುಂಚೆಯೇ ಸಾಮಾನಿನ ಪಟ್ಟಿ ಬರೆದು ಕೊಡುತ್ತಾರೆ; ಕೊಪ್ಪರಿಗೆ, ಜಾಲರಿ, ಸೌದೆ ಸಮೇತ. ಬಿಲ್ಡ್ ಕಡತ ಅಂಥ ಪಟ್ಟಿ. ಅದರಲ್ಲಿ ಅಕ್ಕಿ ಬೇಳೆ ಮಾತ್ರ ಬರೆದು ಕೊಪ್ಪರಿಗೆ ಬಿಟ್ಟರೆ, ಕೊಪ್ಪರಿಗೆ ಇದ್ದ ಮನೆಯಲ್ಲಿ ಮಾತ್ರ ಊಟವಾಗುತ್ತದೆ.

ಈ ಒಂದು ಉದಾಹರಣೆಗೆ ಮಾಡಬೇಕಾದದ್ದನ್ನು ಪೂರ್ತಿ ಹೇಳಿಬಿಡುತ್ತೇನೆ, ಏಕೆಂದರೆ ಉಳಿದವೂ ಇದೇ ಜಾಡಿನವು. ಡಾಕರ್ ಕಡತದಲ್ಲಿ ಲಿಬ್‌ಫ್ರಿಬಿಡಿ0 ಎಂಬ ಪ್ಯಾಕೇಜನ್ನು ಅನುಸ್ಥಾಪಿಸುವ ಸಾಲು ಸೇರಿಸಿ. ಡೆಬಿಯನ್ ಪ್ಯಾಕೇಜ್ ಮಾಡಿ ಹಂಚುವವರು ಕಂಟ್ರೋಲ್ ಕಡತದ ಡಿಪೆಂಡ್ಸ್ ಸಾಲಿನಲ್ಲಿ ಅದೇ ಹೆಸರು ಬರೆಯಿರಿ. ವಿಂಡೋಸ್‌ಗೆ ಫ್ರಿಬಿಡಿಯ ಡಿಎಲ್ಎಲ್ ಕಡತವನ್ನು ಕಂಪೈಲ್ ಮಾಡಿ, ಪೈಇನ್‌ಸ್ಟಾಲರ್‌ನಿಂದ ಪ್ರೋಗ್ರಾಂ ಕಟ್ಟುವಾಗ ಬೈನರಿಗಳ ಪಟ್ಟಿಯಲ್ಲಿ ಸೇರಿಸಿ. 64 ಬಿಟ್ ಪೈಥಾನ್‌ಗೆ 64 ಬಿಟ್‌ನದು, 32 ಬಿಟ್‌ಗೆ 32 ಬಿಟ್‌ನದು. ಪೈಇನ್‌ಸ್ಟಾಲರ್ ತಾನು ಕೂತ ವ್ಯವಸ್ಥೆಗೆ ಮಾತ್ರ ಕಟ್ಟಿಕೊಡುತ್ತದೆ, ಲಿನಕ್ಸ್‌ನಲ್ಲಿ ಕೂತು ವಿಂಡೋಸ್‌ನ ಇಎಕ್ಸ್ಇ ಮಾಡಲು ಬರುವುದಿಲ್ಲ. ಫ್ರಿಬಿಡಿಯ ಪರವಾನಗಿ ಎಲ್‌ಜಿಪಿಎಲ್. ಆದ್ದರಿಂದ ಪರವಾನಗಿಯ ಪ್ರತಿಯನ್ನು ಜೊತೆಗಿಡಿ, ಯಾವ ಮೂಲದಿಂದ ಕಟ್ಟಿದಿರಿ ಎಂದು ತಿಳಿಸಿ, ಬಳಕೆದಾರರು ಬಯಸಿದರೆ ಆ ಡಿಎಲ್ಎಲ್ ಬದಲಿಸಿಕೊಳ್ಳಲು ಆಗುವಂತೆ ಇಡಿ. ಇದು ಬೇಸರದ ಕೆಲಸವೆನ್ನಿಸಬಹುದು, ಆದರೂ ಮಾಡಿ. ಮುಕ್ತ ತಂತ್ರಾಂಶ ನಮಗೆ ದೊರಕಿರುವುದೇ ಈ ಷರತ್ತುಗಳ ಮೇಲೆ.

ಎಲ್ಲಕ್ಕಿಂತ ಮುಖ್ಯವಾಗಿ, ಪ್ರೋಗ್ರಾಂ ಶುರುವಾದೊಡನೆ ರಕ್ಮ್ ಇದೆಯೇ ಎಂದು ಪಿಲ್ಲೋವನ್ನೇ ಕೇಳಿ. ಅದರ ಫೀಚರ್ಸ್ ಮಾಡ್ಯೂಲ್ ಹೌದು ಅಥವಾ ಇಲ್ಲ ಎಂದು ಉತ್ತರ ಕೊಡುತ್ತದೆ, ಒಂದೇ ಸಾಲಿನ ಕೆಲಸ. ಇಲ್ಲ ಎಂದು ಬಂದರೆ ಅಲ್ಲಿಗೇ ನಿಲ್ಲಿಸಿ, ‘ಕನ್ನಡ ಅಕ್ಷರ ಕೂಡಿಸಲು ಬೇಕಾದ ಫ್ರಿಬಿಡಿ ಈ ಕಂಪ್ಯೂಟರಿನಲ್ಲಿ ಇಲ್ಲ’ ಎಂದು ಕನ್ನಡದಲ್ಲೇ ತಿಳಿಸಿ. ಒಡೆದ ಅಕ್ಷರದ ಪ್ರಮಾಣಪತ್ರ ಮಗುವಿನ ಕೈಗೆ ಹೋಗುವುದಕ್ಕಿಂತ ಪ್ರೋಗ್ರಾಂ ನಿಂತುಹೋಗುವುದು ಎಷ್ಟೋ ಮೇಲು.

ಇದನ್ನು ಒತ್ತಿ ಹೇಳಲು ಕಾರಣವಿದೆ. ಲೈಬ್ರರಿ ಇಲ್ಲದಿದ್ದಾಗ ಬೇರೆಯವರ ಪ್ರೋಗ್ರಾಂ ಸಾಮಾನ್ಯವಾಗಿ ಕೂಗಿಕೊಂಡು ಬೀಳುತ್ತದೆ. ವಿಂಡೋಸ್‌ನಲ್ಲಿ ವಿಸಿರನ್‌ಟೈಮ್140 ಎಂಬ ಡಿಎಲ್ಎಲ್ ಸಿಗಲಿಲ್ಲ ಎಂಬ ಚೌಕ ಬರುತ್ತದೆ. ಮೈಕ್ರೋಸಾಫ್ಟ್‌ನ ವಿಷುಯಲ್ ಸಿ++ ರನ್‌ಟೈಮ್ ಇಲ್ಲವೆಂದು ಅದರ ಅರ್ಥ. ಜಾವಾದಲ್ಲಿ ಅನ್‌ಸ್ಯಾಟಿಸ್‌ಫೈಡ್ ಲಿಂಕ್ ಎರರ್ ಬರುತ್ತದೆ. ಕಿರಿಕಿರಿ ನಿಜ, ಆದರೆ ಏನೋ ಕೊರತೆಯಿದೆ ಎಂದು ಗೊತ್ತಾಗುತ್ತದೆ. ಕನ್ನಡದಲ್ಲಿ ಕೊರತೆ ಮೌನವಾಗಿ ಬರುತ್ತದೆ. ಅದನ್ನು ಕಂಡ ಶಿಕ್ಷಕಿ ಫ್ರಿಬಿಡಿಯ ಹೆಸರು ಕೇಳಿದವರಲ್ಲ. ‘ಕಂಪ್ಯೂಟರಿನಲ್ಲಿ ಕನ್ನಡ ಸರಿಯಾಗಿ ಬರುವುದಿಲ್ಲ’ ಎಂದುಕೊಳ್ಳುತ್ತಾರೆ. ಡಿಟಿಪಿ ಅಂಗಡಿಗೆ ಹೋಗಿ ಹಳೆಯ ಆಸ್ಕಿ ಫಾಂಟಿನಲ್ಲಿ ಬೆರಳಚ್ಚು ಮಾಡಿಸುತ್ತಾರೆ. ಆ ಪಠ್ಯ ಹುಡುಕಲು ಬಾರದು, ಬೇರೆ ಕಡೆ ಅಂಟಿಸಿದರೆ ಓದಲು ಬಾರದು. ಕನ್ನಡ ಯುನಿಕೋಡ್‌ನಲ್ಲಿ ಇರುವುದು 1991ರ ಮೊದಲ ಆವೃತ್ತಿಯಿಂದ. ಇಷ್ಟು ವರ್ಷಗಳ ಮೇಲೂ ಜನ ಹಿಂದಕ್ಕೆ ಹೋಗುವುದಕ್ಕೆ ನಮ್ಮ ಬಿಲ್ಡ್ ಕಡತದಲ್ಲಿ ಬಿಟ್ಟುಹೋದ ಒಂದು ಸಾಲೂ ಕಾರಣವಾಗಬಹುದು ಎಂಬುದನ್ನು ನೆನೆದರೆ ನನಗೆ ಸಂಕಟವಾಗುತ್ತದೆ.

ಜಾವಾದಲ್ಲಿ ಬರೆಯುವವರಿಗೆ ಒಂದು ಮಾತು, ಏಕೆಂದರೆ ನಮ್ಮ ಕಾಲೇಜುಗಳ ಪ್ರಾಜೆಕ್ಟುಗಳಲ್ಲಿ ಜಾವಾ ಇನ್ನೂ ಹೆಚ್ಚು. ಜಾವಾದ ಕೋಡ್ ಎಲ್ಲ ಕಡೆ ನಡೆಯುತ್ತದೆ ಎಂಬ ನಂಬಿಕೆಯಲ್ಲೇ ನಾವು ಕಲಿತದ್ದು. ಆದರೆ 2018ರಲ್ಲಿ ಜಾವಾ 11 ಬಂದಾಗ ಜಾವಾಎಫ್‌ಎಕ್ಸ್ ಜೆಡಿಕೆಯಿಂದ ಹೊರಗೆ ಹೋಯಿತು. ಈಗ ಅದನ್ನು ಮೇವನ್ ಅಥವಾ ಗ್ರೇಡಲ್ ಮೂಲಕ ಬೇರೆಯಾಗಿ ತರಿಸಿಕೊಳ್ಳಬೇಕು, ಅದರ ಜೊತೆಗೆ ಪ್ರತಿ ವ್ಯವಸ್ಥೆಗೂ ಬೇರೆ ಬೇರೆ ನೇಟಿವ್ ಲೈಬ್ರರಿ ಬರುತ್ತದೆ. ಮೇವನ್‌ನಲ್ಲಿ ವ್ಯವಸ್ಥೆಯನ್ನು ಗುರುತಿಸುವ ಹೆಸರಿಗೆ ಕ್ಲಾಸಿಫೈಯರ್ ಎನ್ನುತ್ತಾರೆ: ವಿನ್, ಮ್ಯಾಕ್, ಲಿನಕ್ಸ್, ಆಪಲ್‌ನ ಹೊಸ ಚಿಪ್‌ಗೆ ಮ್ಯಾಕ್-ಎಆರ್ಚ್64. ನೀವು ಕ್ಲಾಸಿಫೈಯರ್ ಬರೆಯದೆ ಬಿಟ್ಟರೆ ಬಿಲ್ಡ್ ನಡೆಯುವ ಯಂತ್ರವನ್ನು ನೋಡಿ ಮೇವನ್ ತಾನೇ ಒಂದನ್ನು ಆರಿಸಿಕೊಳ್ಳುತ್ತದೆ. ಸೌಕರ್ಯವೇನೋ ಹೌದು. ಆದರೆ ಎಲ್ಲವನ್ನೂ ಒಂದೇ ಜಾರ್ ಕಡತದಲ್ಲಿ ತುಂಬಿ ಹಂಚಿದರೆ ಅದರೊಳಗೆ ಇರುವುದು ಕಟ್ಟಿದವರ ಯಂತ್ರದ ಲೈಬ್ರರಿ ಮಾತ್ರ. ಲಿನಕ್ಸ್ ಲ್ಯಾಪ್‌ಟಾಪ್‌ನಲ್ಲಿ ಕಟ್ಟಿದ ಜಾರ್ ವಿಂಡೋಸ್‌ನಲ್ಲಿ ಕಿಟಕಿಯನ್ನೇ ತೆರೆಯುವುದಿಲ್ಲ.

ಇದಕ್ಕೆ ಎರಡು ದಾರಿ. ಯಾವ ಯಾವ ಕ್ಲಾಸಿಫೈಯರ್ ಬೇಕೋ ಅವನ್ನೆಲ್ಲ ಪೊಮ್ ಕಡತದಲ್ಲಿ ಹೆಸರಿಸಿ ಒಂದೇ ಜಾರ್‌ಗೆ ಸೇರಿಸುವುದು ಒಂದು. ಕಡತ ದಪ್ಪವಾಗುತ್ತದೆ, ಇಂಟೆಲ್ ಮ್ಯಾಕ್ ಮತ್ತು ಹೊಸ ಮ್ಯಾಕ್‌ಗಳ ಲೈಬ್ರರಿಗಳ ಹೆಸರು ಒಂದೇ ಆಗಿದ್ದು ಒಂದು ಇನ್ನೊಂದನ್ನು ಅಳಿಸುವ ಅಪಾಯವೂ ಇರುತ್ತದೆ. ಪ್ರತಿ ವ್ಯವಸ್ಥೆಗೂ ಬೇರೆ ಕಡತ ಕಟ್ಟಿ ಹೆಸರಿನಲ್ಲೇ ಗುರುತಿಸುವುದು ಇನ್ನೊಂದು. ನನ್ನ ಒಲವು ಎರಡನೆಯದಕ್ಕೆ. ಡೌನ್‌ಲೋಡ್ ಪುಟದಲ್ಲಿ ‘ವಿಂಡೋಸ್ 64 ಬಿಟ್’ ಎಂದು ಬರೆದ ಕಡತವನ್ನು ಆರಿಸಲು ಜನಕ್ಕೆ ಬರುತ್ತದೆ. ಎಲ್ಲಕ್ಕೂ ಒಂದೇ ಎಂದು ಹೇಳಿ ಅರ್ಧ ಜನಕ್ಕೆ ನಡೆಯದ ಕಡತ ಕೊಡುವುದು ಬೇಡ.

ಜಾವಾಸ್ಕ್ರಿಪ್ಟ್ ಲೋಕದಲ್ಲಿ ಇದೇ ತೊಂದರೆ ಲಾಕ್ ಕಡತದ ವೇಷದಲ್ಲಿ ಬರುತ್ತದೆ. ಇಎಸ್‌ಬಿಲ್ಡ್, ರೋಲಪ್‌ಗಳು ಪ್ರತಿ ವ್ಯವಸ್ಥೆಯ ಬೈನರಿಯನ್ನೂ ಬೇರೆ ಪ್ಯಾಕೇಜಾಗಿ ಇಟ್ಟು, ಅವನ್ನು ಐಚ್ಛಿಕ ಅವಲಂಬನೆಗಳೆಂದು ಪಟ್ಟಿ ಮಾಡುತ್ತವೆ. ಎನ್‌ಪಿಎಂ ತನ್ನ ಯಂತ್ರಕ್ಕೆ ಹೊಂದುವುದನ್ನು ಮಾತ್ರ ಇಳಿಸಿಕೊಳ್ಳುತ್ತದೆ. ಒಂದು ಯಂತ್ರದಲ್ಲಿ ಹುಟ್ಟಿದ ಲಾಕ್ ಕಡತದಲ್ಲಿ ಉಳಿದ ವ್ಯವಸ್ಥೆಗಳ ಹೆಸರುಗಳೇ ಬಿಟ್ಟುಹೋಗುವ ದೋಷ ಎನ್‌ಪಿಎಂನಲ್ಲಿ ಕಾಡಿತ್ತು. ಮ್ಯಾಕ್‌ನಲ್ಲಿ ಮಾಡಿದ ಲಾಕ್ ಕಡತವನ್ನು ಲಿನಕ್ಸ್ ಸರ್ವರಿಗೆ ಕಳಿಸಿದರೆ ರೋಲಪ್‌ನ ಲಿನಕ್ಸ್ ಮಾಡ್ಯೂಲ್ ಸಿಗಲಿಲ್ಲವೆಂದು ಬಿಲ್ಡ್ ನಿಲ್ಲುತ್ತಿತ್ತು. ಲಾಕ್ ಕಡತವನ್ನು ರೆಪಾಸಿಟರಿಗೆ ಸೇರಿಸುವ ಮೊದಲು ತೆರೆದು, ನಿಮ್ಮ ಬಳಕೆದಾರರ ವ್ಯವಸ್ಥೆಗಳ ಹೆಸರುಗಳೆಲ್ಲ ಅದರಲ್ಲಿ ಇವೆಯೇ ಎಂದು ಒಮ್ಮೆ ಕಣ್ಣಾಡಿಸಿ. ರೂಬಿಯವರು ಜೆಮ್‌ಫೈಲ್ ಲಾಕ್‌ನ ಪ್ಲಾಟ್‌ಫಾರ್ಮ್ಸ್ ಭಾಗ ನೋಡಿಕೊಂಡರೆ ಸಾಕು.

ಲಿನಕ್ಸ್‌ನ ವಿಷಯ ಸ್ವಲ್ಪ ನಿಧಾನವಾಗಿ ಹೇಳಬೇಕು. ‘ಲಿನಕ್ಸ್’ ಎಂದು ಒಂದೇ ಹೆಸರು ಬರೆದರೂ ಅದರೊಳಗೆ ಹಲವು ನೆಲಗಳಿವೆ, ಅವನ್ನು ಬೇರ್ಪಡಿಸುವುದು ಸಿ ಲೈಬ್ರರಿ. ಉಬುಂಟು 20.04ರಲ್ಲಿ ಇರುವುದು ಜಿಲಿಬ್‌ಸಿ 2.31, 22.04ರಲ್ಲಿ 2.35. ಹಳೆಯದರ ಮೇಲೆ ಕಟ್ಟಿದ್ದನ್ನು ಹೊಸದು ನಡೆಸುತ್ತದೆ, ಹೊಸದರ ಮೇಲೆ ಕಟ್ಟಿದ್ದನ್ನು ಹಳೆಯದು ನಡೆಸುವ ಖಾತರಿಯಿಲ್ಲ. 22.04ರಲ್ಲಿ ಎಂದಿನಂತೆ ಕಂಪೈಲ್ ಮಾಡಿದ ನಾಲ್ಕು ಸಾಲಿನ ಸಿ ಪ್ರೋಗ್ರಾಂ ಕೂಡ 20.04ರಲ್ಲಿ ‘ಜಿಲಿಬ್‌ಸಿ 2.34 ಸಿಗಲಿಲ್ಲ’ ಎಂದು ನಿಲ್ಲುತ್ತದೆ. ನಿಮ್ಮ ಕೋಡಿನಲ್ಲಿ ಹೊಸತೇನೂ ಇರಬೇಕಿಲ್ಲ. ಪ್ರೋಗ್ರಾಂ ಅನ್ನು ಶುರು ಮಾಡುವ ಒಳಗಿನ ಫಂಕ್ಷನ್ನಿನ ಗುರುತೇ 2.34ರಲ್ಲಿ ಬದಲಾಗಿದೆ.

ಪೈಥಾನ್ ಬಳಗ ಇದಕ್ಕೆ ಕಂಡುಕೊಂಡ ಉಪಾಯ ನನಗೆ ಬಹಳ ಇಷ್ಟ. 2016ರಲ್ಲಿ ಮೆನಿಲಿನಕ್ಸ್1 ಎಂಬ ಗುರುತು ತಂದರು. ಆಗಲೇ ಹಳೆಯದಾಗಿದ್ದ ಸೆಂಟ್‌ಒಎಸ್ 5ರ ಮೇಲೆ, ಅಂದರೆ ಜಿಲಿಬ್‌ಸಿ 2.5ರ ಮೇಲೆ ಕಟ್ಟಿದರೆ ಆ ವೀಲ್ ಹೆಚ್ಚುಕಡಿಮೆ ಎಲ್ಲ ಲಿನಕ್ಸ್‌ನಲ್ಲೂ ನಡೆಯುತ್ತದೆ ಎಂಬುದು ಲೆಕ್ಕಾಚಾರ. ಆಮೇಲೆ ಸೆಂಟ್‌ಒಎಸ್ 6, ನಂತರ 7ರ ಮೇಲಿನ ಗುರುತುಗಳು ಬಂದವು. ಈಗ ಸಿ ಲೈಬ್ರರಿಯ ಆವೃತ್ತಿಯನ್ನೇ ಕಡತದ ಹೆಸರಿನಲ್ಲಿ ಬರೆಯುತ್ತಾರೆ, ಮೆನಿಲಿನಕ್ಸ್ 2 17, ಮೆನಿಲಿನಕ್ಸ್ 2 28 ಎಂಬಂತೆ. ಹೆಸರು ಓದಿದರೆ ಎಲ್ಲಿ ನಡೆಯುತ್ತದೆಂದು ಗೊತ್ತಾಗುತ್ತದೆ. ಕಟ್ಟಿದ ವೀಲ್ ಆ ಮಾತಿಗೆ ನಿಲ್ಲುತ್ತದೆಯೇ ಎಂದು ಆಡಿಟ್‌ವೀಲ್ ಪರೀಕ್ಷಿಸುತ್ತದೆ. ಹೊರಗಿನ ಲೈಬ್ರರಿಗಳು ಬೇಕಿದ್ದರೆ ನಕಲು ಮಾಡಿ ಒಳಗೆ ಸೇರಿಸುತ್ತದೆ. ಮ್ಯಾಕ್‌ನಲ್ಲಿ ಡಿಲೊಕೇಟ್, ವಿಂಡೋಸ್‌ನಲ್ಲಿ ಡೆಲ್ವ್‌ವೀಲ್ ಅದೇ ಕೆಲಸ ಮಾಡುತ್ತವೆ. ಈ ಎಲ್ಲವನ್ನೂ ಒಟ್ಟಿಗೆ ನಡೆಸಲು ಸಿಐಬಿಲ್ಡ್‌ವೀಲ್ ಇದೆ. ಸಿ ಅಥವಾ ಸಿ++ನಲ್ಲಿ ಬರೆದ ಭಾಗವಿರುವ ಕನ್ನಡ ಲೈಬ್ರರಿ ಹಂಚುವವರು ಇದನ್ನು ಬಿಟ್ಟು ಬೇರೆ ದಾರಿ ಹಿಡಿಯಬೇಡಿ ಎಂದೇ ನನ್ನ ಸಲಹೆ. ವೀಲ್ ಇಲ್ಲದಿದ್ದರೆ ಪಿಪ್ ಮೂಲ ಕೋಡನ್ನು ಇಳಿಸಿಕೊಂಡು ಬಳಕೆದಾರರ ಯಂತ್ರದಲ್ಲೇ ಕಂಪೈಲ್ ಮಾಡಲು ಹೊರಡುತ್ತದೆ. ಕಂಪೈಲರ್ ಇಲ್ಲದ ಯಂತ್ರದಲ್ಲಿ ಅದು ಪುಟಗಟ್ಟಲೆ ದೋಷ ಉಗುಳಿ ನಿಲ್ಲುತ್ತದೆ. ಅದನ್ನು ಕಂಡ ಕನ್ನಡ ಅಧ್ಯಾಪಕರು ನಿಮ್ಮ ಉಪಕರಣವನ್ನು ಎರಡನೆಯ ಸಲ ಮುಟ್ಟುವುದಿಲ್ಲ.

ಆಲ್ಪೈನ್ ಲಿನಕ್ಸ್ ಇಮೇಜ್ ಚಿಕ್ಕದೆಂದು ಆರಿಸಿಕೊಳ್ಳುವವರು ನೆನಪಿಡಿ: ಅದರಲ್ಲಿ ಇರುವುದು ಜಿಲಿಬ್‌ಸಿ ಅಲ್ಲ, ಮಸ್ಲ್. ಅದಕ್ಕೆ ಬೇರೆ ವೀಲ್ ಬೇಕು, ಗುರುತೂ ಬೇರೆ.

ಐಸಿಯು ಎಂಬ ಲೈಬ್ರರಿ ಇನ್ನೊಂದು ಕಡೆಯಿಂದ ಕಷ್ಟ ಕೊಡುತ್ತದೆ. ಪದಗಳನ್ನು ಕನ್ನಡದ ಕ್ರಮದಲ್ಲಿ ಜೋಡಿಸಲು, ದಿನಾಂಕಗಳನ್ನು ಕನ್ನಡದಲ್ಲಿ ಬರೆಯಲು, ಸಾಲು ಎಲ್ಲಿ ಮುರಿಯಬಹುದೆಂದು ತಿಳಿಯಲು ನಿಘಂಟು ಮಾಡುವವರೆಲ್ಲ ಅದನ್ನು ನೆಚ್ಚಿಕೊಂಡಿದ್ದಾರೆ, ನೆಚ್ಚಿಕೊಳ್ಳಲೂಬೇಕು. ಆದರೆ ಅದರ ಪ್ರತಿ ದೊಡ್ಡ ಆವೃತ್ತಿಯ ಲೈಬ್ರರಿಗೂ ಹೆಸರು ಬೇರೆ. ಉಬುಂಟು 20.04ರಲ್ಲಿ ಲಿಬ್‌ಐಸಿಯು66, 22.04ರಲ್ಲಿ 70, 24.04ರಲ್ಲಿ 74, ಡೆಬಿಯನ್ 12ರಲ್ಲಿ 72. 22.04ರಲ್ಲಿ ಮಾಡಿದ ನಿಘಂಟಿನ ಡೆಬಿಯನ್ ಪ್ಯಾಕೇಜು 70ನ್ನೇ ಕೇಳುತ್ತದೆ, 24.04ರಲ್ಲಿ ಅದು ಸಿಗುವುದಿಲ್ಲ, ಅನುಸ್ಥಾಪನೆ ಅಲ್ಲಿಗೇ ನಿಲ್ಲುತ್ತದೆ. ಪ್ರತಿ ಬಿಡುಗಡೆಗೂ ಅದರದೇ ಪ್ಯಾಕೇಜ್ ಕಟ್ಟಿ, ಅಥವಾ ಫ್ಲ್ಯಾಟ್‌ಪ್ಯಾಕ್‌ನಂಥ ಪೆಟ್ಟಿಗೆಯಲ್ಲಿ ಐಸಿಯು ಸಮೇತ ಹಂಚಿ. ವಿಂಡೋಸ್‌ನಲ್ಲಿ ಮಾತ್ರ ಒಂದು ಅನುಕೂಲವಿದೆ. ವಿಂಡೋಸ್ 10ರ 1703ನೆಯ ಆವೃತ್ತಿಯಿಂದ ಐಸಿಯು ವ್ಯವಸ್ಥೆಯ ಜೊತೆಗೇ ಬರುತ್ತದೆ. ಅದಕ್ಕಿಂತ ಹಳೆಯ ವಿಂಡೋಸ್‌ಗೆ ನೀವೇ ಸೇರಿಸಬೇಕು.

ಎಲ್ಲವನ್ನೂ ಒಳಗೆ ಸೇರಿಸಿಬಿಟ್ಟರೆ ಮುಗಿಯಿತಲ್ಲ ಎಂದು ಕೇಳುವಿರಿ. ಕನ್ನಡದ ಸಣ್ಣ ಉಪಕರಣಗಳಿಗೆ ನಾನು ಬಹುಪಾಲು ಹೌದೆನ್ನುತ್ತೇನೆ. ಬಳಸುವವರು ತಂತ್ರಜ್ಞರಲ್ಲ, ಬೇರೆಬೇರೆ ಲೈಬ್ರರಿ ಹುಡುಕಿಕೊಂಡು ಬನ್ನಿ ಎಂದು ಅವರಿಗೆ ಹೇಳಲಾಗದು. ಆದರೆ ಒಳಗೆ ಸೇರಿಸಿದ ದಿನದಿಂದ ಆ ಲೈಬ್ರರಿಯ ಯೋಗಕ್ಷೇಮ ನಿಮ್ಮ ತಲೆಯ ಮೇಲೆ. 2023ರ ಸೆಪ್ಟೆಂಬರ್‌ನಲ್ಲಿ ಲಿಬ್‌ವೆಬ್‌ಪಿ ಎಂಬ ಚಿತ್ರ ಲೈಬ್ರರಿಯಲ್ಲಿ ಗಂಭೀರ ಭದ್ರತಾ ದೋಷ ಬೆಳಕಿಗೆ ಬಂತು. ಉಬುಂಟು, ಡೆಬಿಯನ್‌ಗಳು ವ್ಯವಸ್ಥೆಯ ಲೈಬ್ರರಿಯನ್ನು ಸರಿಪಡಿಸಿ ಕಳಿಸಿದವು. ಪಿಲ್ಲೋ ತನ್ನ ವೀಲ್‌ಗಳಲ್ಲಿ ಲಿಬ್‌ವೆಬ್‌ಪಿಯನ್ನು ಒಳಗೇ ಇಟ್ಟಿರುವುದರಿಂದ 10.0.1 ಎಂಬ ಹೊಸ ಬಿಡುಗಡೆಯನ್ನೇ ಮಾಡಬೇಕಾಯಿತು. ಆ ಪಿಲ್ಲೋವನ್ನು ಒಳಗಿಟ್ಟುಕೊಂಡು ಇಎಕ್ಸ್ಇ ಮಾಡಿ ಹಂಚಿದವರು ಮತ್ತೆ ಕಟ್ಟಿ ಹಂಚದ ಹೊರತು ಬಳಕೆದಾರರ ಯಂತ್ರದಲ್ಲಿ ಹಳೆಯ ದೋಷವೇ ಉಳಿಯುತ್ತದೆ. ಆದ್ದರಿಂದ ಒಳಗೆ ಸೇರಿಸಿದ ಪ್ರತಿ ಲೈಬ್ರರಿಯ ಹೆಸರು, ಆವೃತ್ತಿ, ತಂದ ಜಾಗ ಇವುಗಳನ್ನು ಒಂದು ಕಡತದಲ್ಲಿ ಬರೆದಿಡಿ. ಒಂದು ಆಜ್ಞೆಯಿಂದ ಎಲ್ಲ ವ್ಯವಸ್ಥೆಗೂ ಮತ್ತೆ ಕಟ್ಟಲು ಬರುವಂತಿರಲಿ. ಅಷ್ಟು ಮಾಡಲಾಗದಿದ್ದರೆ ಒಳಗೆ ಸೇರಿಸುವ ಸಾಹಸಕ್ಕೆ ಹೋಗಬೇಡಿ.

ವ್ಯವಸ್ಥೆಗೆ ತಕ್ಕ ಷರತ್ತನ್ನು ಬರೆಯಲು ಪ್ರತಿ ಭಾಷೆಯಲ್ಲೂ ಜಾಗವಿದೆ. ಪೈಥಾನ್‌ನಲ್ಲಿ ಪ್ಯಾಕೇಜಿನ ಹೆಸರಿನ ಮುಂದೆ ಅರ್ಧವಿರಾಮ ಹಾಕಿ, ಇದು ವಿಂಡೋಸ್‌ಗೆ ಮಾತ್ರ ಎಂದು ಷರತ್ತು ಬರೆಯಬಹುದು. ರಸ್ಟ್‌ನ ಕಾರ್ಗೋ ಕಡತದಲ್ಲಿ ಟಾರ್ಗೆಟ್ ಎಂಬ ವಿಭಾಗವೇ ಇದೆ. ಸಿ++ನವರಿಗೆ ಸಿಮೇಕ್ ಲೈಬ್ರರಿಯನ್ನು ಹುಡುಕಿಕೊಡುತ್ತದೆ, ಕೋನನ್ ಅಥವಾ ವಿಸಿಪಿಕೆಜಿ ತಂದುಕೊಡುತ್ತವೆ. ಕೈಯಾರೆ ಹಾದಿ ಬರೆಯುವುದನ್ನು ಮಾತ್ರ ಬಿಡಿ. ಇಂಟೆಲ್ ಮ್ಯಾಕ್‌ನಲ್ಲಿ ಹೋಮ್‌ಬ್ರೂ ಲೈಬ್ರರಿಗಳನ್ನು ಇಡುತ್ತಿದ್ದ ಕೋಶ ಒಂದು. 2020ರ ನವೆಂಬರ್‌ನಲ್ಲಿ ಎಂ1 ಮ್ಯಾಕ್‌ಗಳು ಬಂದ ಮೇಲೆ ಅವುಗಳಲ್ಲಿ ಇಡುವ ಕೋಶ ಇನ್ನೊಂದು. ಹಳೆಯ ಹಾದಿಯನ್ನು ಅಚ್ಚು ಹಾಕಿಟ್ಟ ಬಿಲ್ಡ್ ಕಡತ ಹೊಸ ಮ್ಯಾಕ್‌ನಲ್ಲಿ ಲೈಬ್ರರಿಯನ್ನು ಕಾಣುವುದಿಲ್ಲ.

ರೀಡ್‌ಮಿ ಕಡತದಲ್ಲಿ ‘ಮೊದಲು ಇವನ್ನೆಲ್ಲ ಅನುಸ್ಥಾಪಿಸಿ’ ಎಂದು ಬರೆದರೆ ಸಾಕು ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಆ ಸಾಲನ್ನು ಯಂತ್ರ ಓದುವುದಿಲ್ಲ, ಪರೀಕ್ಷಿಸುವುದೂ ಇಲ್ಲ. ಬರೆದ ದಿನ ನಿಜವಾಗಿದ್ದದ್ದು ಮುಂದಿನ ಉಬುಂಟು ಬಿಡುಗಡೆಗೆ ಸುಳ್ಳಾಗುತ್ತದೆ, ಅದು ಸುಳ್ಳಾದದ್ದು ಮೊದಲು ತಿಳಿಯುವುದು ಬಳಕೆದಾರರಿಗೆ.

ಹಾಗಾದರೆ ಪರೀಕ್ಷೆ ಎಲ್ಲಿ? ಗಿಟ್‌ಹಬ್ ಆಕ್ಷನ್ಸ್‌ನಲ್ಲಿ ಸಾರ್ವಜನಿಕ ರೆಪಾಸಿಟರಿಗಳಿಗೆ ವಿಂಡೋಸ್, ಮ್ಯಾಕ್, ಉಬುಂಟು ಮೂರೂ ಯಂತ್ರಗಳು ಉಚಿತವಾಗಿ ಸಿಗುತ್ತವೆ. ಅಲ್ಲಿ ಬಿಲ್ಡ್ ಆಯಿತೆಂದರೆ ಸಾಲದು, ಕನ್ನಡದ ಪರೀಕ್ಷೆಯೂ ನಡೆಯಬೇಕು. ನಾನು ಸೂಚಿಸುವ ಪರೀಕ್ಷೆ ತೀರ ಸರಳ. ‘ಕ್ಕ’ ಎಂಬುದರ ಅಗಲವನ್ನು ಅಳೆಯಿರಿ. ಬಳಿಕ ಬೇಕೆಂದೇ ಸರಳ ಜೋಡಣೆ ಆರಿಸಿ, ಅದೇ ಫಾಂಟಿನಲ್ಲಿ ಮತ್ತೊಮ್ಮೆ ಅಳೆಯಿರಿ. ಎರಡೂ ಒಂದೇ ಬಂದರೆ ಅಕ್ಷರ ಕೂಡಿಲ್ಲ, ಬಿಲ್ಡ್ ಅನ್ನು ಅಲ್ಲೇ ಬೀಳಿಸಿ. ‘ಕರ್ನಾಟಕ’, ‘ಪ್ರಶಸ್ತಿ’, ‘ಸ್ವಾತಂತ್ರ್ಯ’ ಎಂಬ ಮೂರು ಪದಗಳ ಚಿತ್ರವನ್ನೂ ಪ್ರತಿ ವ್ಯವಸ್ಥೆಯಲ್ಲಿ ಮಾಡಿಸಿ, ಬಿಡುಗಡೆಗೆ ಮುಂಚೆ ಕನ್ನಡ ಬಲ್ಲ ಒಬ್ಬರ ಕಣ್ಣಿಗೆ ಬೀಳುವಂತೆ ಇಡಿ. ‘ಸ್ವಾತಂತ್ರ್ಯ’ದಲ್ಲಿ ತಕಾರಕ್ಕೆ ಎರಡು ಒತ್ತುಗಳಿವೆ, ಜೋಡಣೆ ತಪ್ಪಿದರೆ ಅಲ್ಲಿ ಮೊದಲು ಕಾಣುತ್ತದೆ.

ಈ ಯಂತ್ರಗಳಲ್ಲೂ ಒಂದು ಮೋಸವಿದೆ. ಅಭಿವೃದ್ಧಿ ಮಾಡುವವರ ಅನುಕೂಲಕ್ಕೆಂದು ಅವುಗಳಲ್ಲಿ ಬೇಕಾದಷ್ಟು ಲೈಬ್ರರಿಗಳನ್ನು ಮೊದಲೇ ತುಂಬಿರುತ್ತಾರೆ. ವಿಷುಯಲ್ ಸಿ++ ರನ್‌ಟೈಮ್ ಅಲ್ಲಿ ಇದ್ದೇ ಇರುತ್ತದೆ, ಹಳ್ಳಿಯ ಶಾಲೆಯ ಕಂಪ್ಯೂಟರಿನಲ್ಲಿ ಇಲ್ಲದಿರಬಹುದು. ಆದ್ದರಿಂದ ಕಟ್ಟುವ ಯಂತ್ರ ಬೇರೆ, ನಡೆಸಿ ನೋಡುವ ಯಂತ್ರ ಬೇರೆ ಆಗಿರಲಿ. ಲಿನಕ್ಸ್‌ಗೆ ಖಾಲಿ ಡೆಬಿಯನ್ ಕಂಟೇನರ್ ಸಾಕು. ವಿಂಡೋಸ್‌ಗೆ ಹೊಸದಾಗಿ ಅನುಸ್ಥಾಪಿಸಿದ ವರ್ಚುವಲ್ ಯಂತ್ರ ಬೇಕು.

ಹಳೆಯ ಯಂತ್ರಗಳ ಬಗ್ಗೆಯೂ ನಿರ್ಧಾರ ಮಾಡಿ, ಮಾಡಿದ್ದನ್ನು ಬರೆಯಿರಿ. ವಿಂಡೋಸ್ 7ರ ಬೆಂಬಲ 2020ರ ಜನವರಿಯಲ್ಲಿ ಮುಗಿಯಿತು, ಅದರಲ್ಲಿ ನಡೆಯುವ ಕೊನೆಯ ಪೈಥಾನ್ 3.8. ವಿಂಡೋಸ್ 10ರ ತನಕ 32 ಬಿಟ್ ಆವೃತ್ತಿ ಇತ್ತು, 11ರಲ್ಲಿ ಇಲ್ಲ. ಹಳೆಯ ಕಂಪ್ಯೂಟರುಗಳು ನಮ್ಮ ಶಾಲೆ, ಗ್ರಂಥಾಲಯ, ಬೆರಳಚ್ಚು ಅಂಗಡಿಗಳಲ್ಲಿ ಇನ್ನೂ ಓಡುತ್ತಿವೆ, ಕನ್ನಡದ ಉಪಕರಣ ಹೆಚ್ಚು ಬೇಕಾಗಿರುವುದು ಅಲ್ಲಿಯೇ. 32 ಬಿಟ್‌ಗೂ ಕಟ್ಟಿಕೊಡಲು ಸಾಧ್ಯವಾದರೆ ದಯವಿಟ್ಟು ಕಟ್ಟಿಕೊಡಿ. ಸಾಧ್ಯವಿಲ್ಲದಿದ್ದರೆ ಡೌನ್‌ಲೋಡ್ ಪುಟದ ಮೇಲ್ಭಾಗದಲ್ಲೇ ಹೇಳಿಬಿಡಿ; ಇಳಿಸಿಕೊಂಡು, ಒದ್ದಾಡಿ, ಆಮೇಲೆ ತಿಳಿಯುವಂತಾಗಬಾರದು.

ಆಂಡ್ರಾಯ್ಡ್‌ಗೆ ಕೀಲಿಮಣೆ, ಓದುಗ ಆ್ಯಪ್‌ ಮಾಡುವವರಿಗೆ: ನಿಮ್ಮ ನೇಟಿವ್ ಲೈಬ್ರರಿಗಳನ್ನು 32 ಬಿಟ್ ಮತ್ತು 64 ಬಿಟ್ ಆರ್ಮ್ ಎರಡಕ್ಕೂ ಕಟ್ಟುವುದನ್ನು ಬಿಡಬೇಡಿ. 2019ರ ಆಗಸ್ಟ್‌ನಿಂದ ಪ್ಲೇ ಸ್ಟೋರ್ 64 ಬಿಟ್ ಕಡ್ಡಾಯ ಮಾಡಿದ ಮೇಲೆ ಕೆಲವರು 32ನ್ನು ಕೈಬಿಟ್ಟರು, ಆದರೆ ಅಗ್ಗದ ಹಳೆಯ ಫೋನುಗಳಲ್ಲಿ ಹಲವು 32 ಬಿಟ್‌ನವೇ. 2025ರ ನವೆಂಬರ್‌ನಿಂದ ಆಂಡ್ರಾಯ್ಡ್ 15ನ್ನು ಗುರಿಯಾಗಿಸಿಕೊಂಡ ಆ್ಯಪ್‌ಗಳ ಲೈಬ್ರರಿಗಳು 16 ಕೆಬಿ ಮೆಮೊರಿ ಪುಟಕ್ಕೂ ಹೊಂದಬೇಕೆಂಬ ನಿಯಮ ಬಂದಿದೆ. ಯಾರೋ ಎಂದೋ ಕಟ್ಟಿಕೊಟ್ಟ ಎಸ್ಒ ಕಡತವನ್ನು ರೆಪಾಸಿಟರಿಯಲ್ಲಿ ಹಾಗೇ ಇಟ್ಟುಕೊಂಡು ಬಂದವರಿಗೆ ಈಗ ಅದರ ಮೂಲ ಕೋಡ್ ಬೇಕಾಗಿದೆ. ಇದ್ದರೆ ಮತ್ತೆ ಕಟ್ಟಿ. ಇಲ್ಲದಿದ್ದರೆ ಹುಡುಕುವ ಕೆಲಸ ಇಂದೇ ಶುರು ಮಾಡಿ.

ಕೊನೆಯದಾಗಿ, ನಿಮ್ಮಲ್ಲಿ ಕಾಲೇಜಿನಲ್ಲಿ ಪಾಠ ಹೇಳುವವರೂ ಇದ್ದೀರಿ. ಕನ್ನಡದ ಪ್ರಾಜೆಕ್ಟ್ ಒಪ್ಪಿಸಿಕೊಳ್ಳುವಾಗ ವಿದ್ಯಾರ್ಥಿಯ ಲ್ಯಾಪ್‌ಟಾಪ್‌ನಲ್ಲಿ ನೋಡಿ ಅಂಕ ಕೊಡಬೇಡಿ. ರೆಪಾಸಿಟರಿಯ ವಿಳಾಸ ಕೇಳಿ, ಪ್ರಯೋಗಾಲಯದ ಬೇರೆ ಯಂತ್ರದಲ್ಲಿ ಬಿಲ್ಡ್ ಮಾಡಿಸಿ, ಬಿಡುವಿದ್ದರೆ ಲಿನಕ್ಸ್ ಒಂದು, ವಿಂಡೋಸ್ ಒಂದು ಎಂದು ಎರಡರಲ್ಲೂ. ನಡೆಯದಿದ್ದರೆ ಯಾವ ಲೈಬ್ರರಿ ಸಿಗಲಿಲ್ಲ, ಯಾವ ಕಡತದಲ್ಲಿ ಅದರ ಹೆಸರು ಇರಬೇಕಿತ್ತು ಎಂದು ವಿದ್ಯಾರ್ಥಿಯ ಜೊತೆ ಕೂತು ಹುಡುಕಿ, ಸರಿಪಡಿಸಲು ಇನ್ನೊಂದು ವಾರ ಕೊಡಿ. ನಿಮ್ಮ ಯಾವ ಪ್ರಾಜೆಕ್ಟಿಗಾದರೂ ಪರೀಕ್ಷೆಯ ಕಡತ ಬರೆದುಕೊಡಲು ನಾನು ಸಿದ್ಧಳಿದ್ದೇನೆ, ಕೇಳಲು ಸಂಕೋಚ ಬೇಡ.

ಇಂತಿ ನಿಮ್ಮ ವಿಶ್ವಾಸದ,
ನಿಮ್ಮಲ್ಲೊಬ್ಬಳು